ಕಾಕಾನ ಬಾಟಲಿ, ತೊಗರಿಯ ಗಂಟು

ಕಾಕಾ ಅರ್ಧ ಲೀಟರಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಅಲ್ಲಾಡಿಸಿದ.

"ತಮ್ಮಾ, ಇದ್ರಾಗ ಒಂದ್ ಚೀಲ ಯೂರಿಯಾ ಅದ ಅಂತ. ನೀ ಕೆಮಿಸ್ಟ್ರಿ ಮಾಸ್ತರ ಇದ್ದಿ. ಖರೇನೋ ಸುಳ್ಳೋ ಜರಾ ಹೇಳು."

ಆ ವರ್ಷ ಮಿರಗದ ಮಳೆ ತಡವಾಗಿತ್ತು. ಜೇವರ್ಗಿ ತಾಲೂಕಿನ ನಮ್ಮೂರಲ್ಲಿ ಕಾಕಾ ತೊಗರಿ ಬಿತ್ತಿ, ಎರಡು ಎಕರೆ ಹತ್ತಿಗೆಂದು ಯೂರಿಯಾ ತರಲು ಹೋಗಿದ್ದ. ಬಾಟಲಿ ತಗೊಂಡರಷ್ಟೇ ಚೀಲ ಅಂದನಂತೆ ಅಂಗಡಿಯವ. "ಲಿಂಕ್ ಅದ ರೀ" ಎಂಬ ಮಾತು ಈಗ ನಮ್ಮ ಕಡೆ ಬೀಜ, ಗೊಬ್ಬರ, ಕಳೆ ಎಂಬ ಮಾತುಗಳಷ್ಟೇ ಬಳಕೆಯದು. ಯಾವ ಅಂಗಡಿ ಎಂದು ಬರೆಯುವುದಿಲ್ಲ. ಬರೆದರೆ ಬರುವ ವರ್ಷ ಕಾಕಾನಿಗೆ ಚೀಲವೂ ಇಲ್ಲ, ಬಾಟಲಿಯೂ ಇಲ್ಲ. ಬ್ಯಾಂಕಿನ ಕೆಲಸಕ್ಕೆ ಕಲಬುರಗಿಗೆ ಬಂದವನು ಅದನ್ನು ಕೈಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ತಂದಿದ್ದ. ಮೇಲೆ ದೊಡ್ಡ ಅಕ್ಷರದಲ್ಲಿ 'ನ್ಯಾನೋ' ಎಂದು ಬರೆದಿತ್ತು.

ಈ ಶಬ್ದದ ಜೊತೆ ನನಗೆ ಹಳೆಯ ಸಲುಗೆಯಿದೆ, ಸ್ವಲ್ಪ ನಾಚಿಕೆಯೂ ಇದೆ. 2008, 2009ರ ಸುಮಾರಿಗೆ ಕಾಲೇಜು ಕಾಲೇಜಿಗೆ ಹೋಗಿ 'ನ್ಯಾನೋ ಕ್ರಾಂತಿ' ಎಂದು ಉಪನ್ಯಾಸ ಕೊಟ್ಟವನು ನಾನು. ರಕ್ತನಾಳದಲ್ಲಿ ಈಜುವ ಪುಟ್ಟ ಯಂತ್ರಗಳ ಚಿತ್ರ ತೋರಿಸುತ್ತಿದ್ದೆ. ಹುಡುಗರು ಮಾತ್ರ ಅದೇ ಹೆಸರಿನ, ಟಾಟಾದವರ ಒಂದು ಲಕ್ಷದ ಕಾರಿನ ಬಗ್ಗೆಯೇ ಕೇಳುತ್ತಿದ್ದರು. ಅವರದೇ ಸರಿಯಿತ್ತೇನೋ, ಕಾರು ಕಣ್ಣಿಗಾದರೂ ಕಾಣುತ್ತಿತ್ತು.

ಕಾಕಾನಿಗಾಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಯೂರಿಯಾದಲ್ಲಿ ಗಿಡಕ್ಕೆ ಬೇಕಾದದ್ದು ಸಾರಜನಕ. 45 ಕೆ.ಜಿ. ಚೀಲದಲ್ಲಿ ಅದು ಶೇ. 46, ಅಂದರೆ 20 ಕೆ.ಜಿ.ಗಿಂತ ತುಸು ಹೆಚ್ಚು. 2021ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ಈ ದ್ರವ ಗೊಬ್ಬರದಲ್ಲಿ ಸಾರಜನಕ ಶೇ. 4. 500 ಮಿ.ಲೀ.ಗೆ 20 ಗ್ರಾಂ. ಅಲ್ಲಿ ಕೆ.ಜಿ., ಇಲ್ಲಿ ಗ್ರಾಂ. ನಡುವಿನ ಅಂತರ ಸಾವಿರ ಪಟ್ಟು. ಆಮೇಲೆ ಶೇ. 20ರ ಬಾಟಲಿಯೂ ಬಂತು. ಆಗಲೂ ನೂರು ಗ್ರಾಂ.

"ಅಂದ್ರ ಚೀಲ ಅಲ್ಲ, ಚೀಲದಾಗಿನ ಒಂದ್ ಹಿಡಿ" ಅಂದ ಕಾಕಾ.

ಲೆಕ್ಕ ಮಾಡಿ ನೋಡಿದೆ. 20 ಗ್ರಾಂ ಸಾರಜನಕ ಎಂದರೆ 43 ಗ್ರಾಂ ಯೂರಿಯಾ. ಸರಿಯಾಗಿ ಒಂದು ಹಿಡಿ.

ತಯಾರಕರ ವಾದವನ್ನೂ ಕಾಕಾನಿಗೆ ಹೇಳಿದೆ, ಒಂದೇ ಮಗ್ಗುಲು ಹೇಳಿದರೆ ಮಾಸ್ತರಿಕೆ ಅಲ್ಲ. ಮಣ್ಣಿಗೆ ಹಾಕಿದ ಯೂರಿಯಾ ಪೂರ್ತಿ ಗಿಡಕ್ಕೆ ಸೇರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಗಾಳಿಗೆ ಹಾರಿ, ನೀರಿಗೆ ಸೋರಿ ಹೋಗುತ್ತದೆ. ಹೀಗೆ ಸೋರಿದ್ದು ಬಾವಿಯ ನೀರನ್ನೂ ಕೆಡಿಸುತ್ತದೆ. ಅದರ ಬದಲು 20ರಿಂದ 50 ನ್ಯಾನೋಮೀಟರಿನ ಕಣಗಳನ್ನು ಎಲೆಯ ಮೇಲೆ ಸಿಂಪಡಿಸಿದರೆ ನೇರ ಒಳಗೆ ಹೋಗುತ್ತವೆ, ಪೋಲಾಗುವುದಿಲ್ಲ ಎನ್ನುತ್ತಾರೆ. 94 ಬೆಳೆ, 11,000 ರೈತರ ಹೊಲ, ಸರಾಸರಿ ಶೇ. 8 ಹೆಚ್ಚು ಇಳುವರಿ ಎಂಬುದು ಅವರ ಲೆಕ್ಕ. ಇತ್ತ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಹೊಲದಲ್ಲೇ ಪರೀಕ್ಷೆ ಮಾಡಿದರು. ಅರ್ಧ ಸಾರಜನಕ ಕಡಿತ ಮಾಡಿ ಆ ಜಾಗಕ್ಕೆ ಬಾಟಲಿಯದನ್ನು ಸಿಂಪಡಿಸಿದಾಗ ಗೋಧಿಯ ಇಳುವರಿ ಶೇ. 21.6, ಭತ್ತದ್ದು ಶೇ. 13 ಇಳಿಯಿತು. ಕಾಳಿನೊಳಗಿನ ಪ್ರೋಟೀನೂ ಕಡಿಮೆಯಾಯಿತು.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಮಾಮೂಲು ಯೂರಿಯಾವನ್ನು ಒಂದು ಬಕೇಟು ನೀರಿಗೆ ಹಾಕಿದರೆ ಅದು ಕರಗಿ ಬಿಡಿ ಬಿಡಿ ಅಣುಗಳಾಗುತ್ತದೆ. ಒಂದು ಯೂರಿಯಾ ಅಣು ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕದು. ಸಣ್ಣದಾಗಿರುವುದೇ ದೊಡ್ಡತನವಾದರೆ, ನಮ್ಮಪ್ಪ ಯೂರಿಯಾ ನೀರು ಮಾಡಿ ಎಲೆಗೆ ಹೊಡೆಯುತ್ತಿದ್ದಾಗಲೇ ನ್ಯಾನೋ ದಾಟಿ ಹೋಗಿದ್ದ. ಎಲೆಗೆ ಗೊಬ್ಬರ ಹೊಡೆಯುವುದು ನಮ್ಮ ರೈತರಿಗೆ ಹೊಸದೇನಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ 'ಪಲ್ಸ್ ಮ್ಯಾಜಿಕ್' ಅನ್ನು ತೊಗರಿ ಹೂವಾಡುವಾಗ ಕಾಕಾ ತಾನೇ ಹೊಡೆಯುತ್ತಾನೆ. ಅದರ ಪೊಟ್ಟಣದ ಮೇಲೆ ನ್ಯಾನೋ ಎಂದು ಬರೆದಿಲ್ಲ, ಅಷ್ಟೇ.

ಕಾಕಾ ಚಹಾ ಕುಡಿದು, ಬಾಟಲಿಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡ. ಹೋಗುವಾಗ ಕೇಳಿದ: "ಹಂಗಾರ ಈ ನ್ಯಾನೋ ಅನ್ನೂದೇ ಸುಳ್ಳೇನು?"

ಸುಳ್ಳಲ್ಲ. ಆದರೆ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಮಾತೂ ಆಗಿರಲಿಲ್ಲ.

ಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ನ್ಯಾನೋಮೀಟರ್. ಇಷ್ಟು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ತರಗತಿಯಲ್ಲಿ ತೊಗರಿ ಕಾಳು ಹಿಡಿದು ಹೇಳುತ್ತೇನೆ. ಒಂದು ನ್ಯಾನೋಮೀಟರನ್ನು ಹಿಗ್ಗಿಸಿ ಈ ಕಾಳಿನಷ್ಟು, ಅಂದರೆ ಐದು ಮಿಲಿಮೀಟರ್ ಮಾಡಿದೆವು ಅನ್ನಿ. ಅದೇ ಲೆಕ್ಕದಲ್ಲಿ ಒಂದು ಮೀಟರ್ ಹಿಗ್ಗಿದರೆ 5,000 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ ಕಾಳು ಜೋಡಿಸಿಕೊಂಡು ಹೋದರೂ ಇನ್ನೂ ಕಾಳು ಉಳಿಯುತ್ತವೆ. 1ರಿಂದ 100 ಕಾಳಿನ ಒಳಗೆ ನಡೆಯುವ ವ್ಯವಹಾರವೇ ನ್ಯಾನೋ ತಂತ್ರಜ್ಞಾನ.

ಅಷ್ಟು ಸಣ್ಣದಾದಾಗ ವಸ್ತುವಿನ ಗುಣವೇ ಬದಲಾಗುತ್ತದೆ. ಜೋಳದ ಕಾಳನ್ನು ಒಲೆಗೆ ಹಾಕಿದರೆ ನಿಧಾನ ಸುಡುತ್ತದೆ; ಅದೇ ಜೋಳದ ಹಿಟ್ಟು ಗಾಳಿಯಲ್ಲಿ ದಟ್ಟವಾಗಿ ಹಾರಿ ಕಿಡಿ ತಾಗಿದರೆ ಭುಗ್ಗೆನ್ನುತ್ತದೆ. ವಸ್ತು ಅದೇ. ಗಾಳಿಗೆ ಒಡ್ಡಿಕೊಂಡ ಮೈ ಹೆಚ್ಚಾಗಿದೆ. ಬಂಗಾರವನ್ನು ಇನ್ನೂ ಸಣ್ಣ ಮಾಡುತ್ತ ಹೋದರೆ ಅದರ ಬಣ್ಣ ಹಳದಿ ಹೋಗಿ ಕೆಂಪಾಗುತ್ತದೆ. ಇದನ್ನು ಫ್ಯಾರಡೆ 1857ರಲ್ಲೇ ಗಾಜಿನ ಸೀಸೆಯಲ್ಲಿ ಮಾಡಿ ತೋರಿಸಿದ್ದ.

ನಮ್ಮ ಎರಿ ಮಣ್ಣಿಗೂ ಇದೇ ಸಂಬಂಧ. ಬೇಸಿಗೆಯಲ್ಲಿ ಕರು ಕಾಲಿಟ್ಟರೆ ಸಿಕ್ಕಿಕೊಳ್ಳುವಂಥ ಬಿರುಕು, ಮಳೆ ಬಿದ್ದರೆ ಚಪ್ಪಲಿಗೆ ಎರಡು ಕೆ.ಜಿ. ಅಂಟು. ಎರಡಕ್ಕೂ ಕಾರಣ ಆ ಮಣ್ಣಿನೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಅದು ಹಾಳೆ ಹಾಳೆಯಾಗಿರುತ್ತದೆ. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಹಾಳೆಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗಿ ಬಿರಿಯುತ್ತದೆ. ಒಂದು ಗ್ರಾಂ ಜೇಡಿಯ ಹಾಳೆಗಳನ್ನೆಲ್ಲ ಬಿಚ್ಚಿ ಹಾಸಿದರೆ 700ರಿಂದ 800 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಏಳೆಂಟು ಗುಂಟೆ. ಐದಾರು ಗ್ರಾಂ ಚಿವುಟಿದರೆ ಒಂದು ಎಕರೆ! ಕಾಕಾನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ "ಪಹಣಿ ಮಾಡ್ಸಿ ಕೊಡ್ತಾರೇನು ಕೇಳು" ಅಂದ. ಮಳೆಗಾಲ ಮುಗಿದ ಮೇಲೂ ತೊಗರಿ ಪುಷ್ಯದವರೆಗೆ ಬರೀ ಹಸಿಯ ಮೇಲೆ ಬದುಕುತ್ತದಲ್ಲ, ಆ ಹಸಿಯನ್ನು ಹಿಡಿದಿಟ್ಟುಕೊಳ್ಳುವುದು ಈ ಹಾಳೆಗಳೇ.

ಕಣಗಳ ಮಾತು ಇಷ್ಟು. ಯಂತ್ರಗಳದು ಬೇರೆ.

1959ರ ಡಿಸೆಂಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಫೈನ್‌ಮನ್, ಪರಮಾಣುಗಳನ್ನು ಒಂದೊಂದಾಗಿ ಎತ್ತಿ ನಮಗೆ ಬೇಕಾದಲ್ಲಿ ಇಡುವುದಕ್ಕೆ ಭೌತಶಾಸ್ತ್ರದ ಅಡ್ಡಿಯೇನೂ ಇಲ್ಲ ಎಂದು ಹೇಳಿದ. ಮೂವತ್ತು ವರ್ಷದ ನಂತರ 35 ಝೆನಾನ್ ಪರಮಾಣುಗಳನ್ನು ಸೂಜಿಮೊನೆಯಿಂದ ತಳ್ಳಿ ಐಬಿಎಂ ವಿಜ್ಞಾನಿಗಳು ತಮ್ಮ ಕಂಪನಿಯ ಹೆಸರು ಬರೆದರು. (ಮನುಷ್ಯನ ಕೈಗೆ ಏನು ಸಿಕ್ಕರೂ ಮೊದಲು ಹೆಸರು ಬರೆಯುತ್ತಾನೆ, ಕೋಟೆಯ ಗೋಡೆಯಾದರೇನು.) ಇದು ಭೌತವಿಜ್ಞಾನಿಗಳ ದಾರಿ. ರಸಾಯನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. 1983ರಲ್ಲಿ ಝಾನ್ ಪಿಯೆರ್ ಸೊವಾಜ್ ಎರಡು ಅಣು ಬಳೆಗಳನ್ನು ಸರಪಳಿಯ ಕೊಂಡಿಯ ಹಾಗೆ ಒಂದರೊಳಗೊಂದು ಸಿಕ್ಕಿಸಿದರು. 1991ರಲ್ಲಿ ಫ್ರೇಸರ್ ಸ್ಟಾಡರ್ಟ್ ದಾರಕ್ಕೆ ಬಳೆ ಪೋಣಿಸಿ ಎರಡೂ ತುದಿಗೆ ಗಂಟು ಹಾಕಿದಂಥ ಅಣುವನ್ನು ಮಾಡಿದರು. ಬಳೆ ಅತ್ತಿತ್ತ ಸರಿಯುತ್ತದೆ, ಜಾರಿ ಬೀಳುವುದಿಲ್ಲ. 1999ರಲ್ಲಿ ಬೆನ್ ಫೆರಿಂಗಾ ಬೆಳಕು ಬಿದ್ದರೆ ಒಂದೇ ದಿಕ್ಕಿಗೆ ತಿರುಗುವ ಮೋಟಾರು ಕಟ್ಟಿದರು. 2016ರ ರಸಾಯನಶಾಸ್ತ್ರದ ನೊಬೆಲ್ ಮೂವರಿಗೂ ಬಂತು.

ಫೆರಿಂಗಾ ತಂಡ 2011ರಲ್ಲಿ ನಾಲ್ಕು ಚಕ್ರದ 'ಕಾರನ್ನೂ' ಮಾಡಿತು. ತಾಮ್ರದ ಹಾಸಿನ ಮೇಲೆ, ನಿರ್ವಾತದಲ್ಲಿ, ಕೊರೆಯುವ ಶೀತದಲ್ಲಿ, ಸೂಜಿಮೊನೆಯಿಂದ ಹತ್ತು ಸಲ ವಿದ್ಯುತ್ತು ಮುಟ್ಟಿಸಿದಾಗ ಅದು ಓಡಿದ ದೂರ ಆರು ನ್ಯಾನೋಮೀಟರ್. ಆರು ತೊಗರಿ ಕಾಳು. ನಗು ಬರುತ್ತದೆ. ಅದಕ್ಕೆ ಪಟ್ಟ ಪಾಡು ಗೊತ್ತಾದರೆ ನಗು ನಿಲ್ಲುತ್ತದೆ.

ಆ ಲೋಕದಲ್ಲಿ ನಡೆಯುವುದೆಂದರೆ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಸಂಜೆ ಗುಡಿಯ ಮುಂದೆ ನಡೆದಂತೆ. ಅಲ್ಲಿ ನಿಮ್ಮ ಕಾಲು ನಿಮ್ಮದಲ್ಲ. ಜನ ಅತ್ತ ನೂಕಿದರೆ ಅತ್ತ, ಇತ್ತ ನೂಕಿದರೆ ಇತ್ತ. ಅಣುವನ್ನು ಸುತ್ತಲಿನ ನೀರಿನ ಅಣುಗಳು ಹಾಗೆ ಎಡೆಬಿಡದೆ ಗುದ್ದುತ್ತಿರುತ್ತವೆ. ಅಲ್ಲಿ ಎಂಜಿನ್ನಿನ ಬಲ ತೋರಿಸಲು ಹೋದರೆ ಸೋಲು. ಜಾತ್ರೆಯಲ್ಲಿ ಹುಡುಗನಾಗಿದ್ದಾಗ ನಮ್ಮಪ್ಪ ಒಂದು ಉಪಾಯ ಕಲಿಸಿದ್ದ. ಗದ್ದಲದಲ್ಲಿ ನೀನು ನೂಕಬೇಡ. ಯಾರೋ ಹಿಂದಿನಿಂದ ನೂಕಿ ನೀನು ಮುಂದೆ ಬಂದೆ ಅನ್ನು, ತಕ್ಷಣ ಕಾಲು ಊರಿ ಗಟ್ಟಿಯಾಗಿ ನಿಲ್ಲು. ಹಿಂದಕ್ಕೆ ಬಿಡಬೇಡ. ಮತ್ತೆ ಮುಂದಿನ ನೂಕಿಗೆ ಕಾಯಿ. ಅಣುಯಂತ್ರಗಳದೂ ಇದೇ ಉಪಾಯ. ಗುದ್ದುವುದು ಗದ್ದಲದ ಕೆಲಸ. ಹಿಂದಕ್ಕೆ ಜಾರದಂತೆ ಕಾಲೂರುವುದಕ್ಕಷ್ಟೇ ಯಂತ್ರ ತನ್ನ ಶಕ್ತಿ ಖರ್ಚು ಮಾಡುತ್ತದೆ.

ಜೀವಿಗಳು ಇದನ್ನು ಎಂದೋ ಕಲಿತಿವೆ. ನಮ್ಮ ಜೀವಕೋಶಗಳಲ್ಲಿ ಎಟಿಪಿ ಸಿಂಥೇಸ್ ಎಂಬ ಗಾಣ ತಿರುಗುತ್ತದೆ. ಅದರ ತಲೆಯ ಅಗಲ ಹತ್ತು ನ್ಯಾನೋಮೀಟರಿನಷ್ಟು. ಒಂದು ಸುತ್ತಿಗೆ ಮೂರು ಎಟಿಪಿ ಅಣುಗಳನ್ನು, ಅಂದರೆ ಕೋಶದ ಕೆಲಸಕ್ಕೆಲ್ಲ ಶಕ್ತಿ ಒದಗಿಸುವ ಅಣುಗಳನ್ನು, ಹಿಂಡಿ ಕೊಡುತ್ತದೆ, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ಹಾಕಬಲ್ಲದು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಕಂಬಕ್ಕೆ ಹೊಳೆಯುವ ಎಳೆಯೊಂದನ್ನು ಕಟ್ಟಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ದಿನಕ್ಕೆ ನಾವು ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು ಎಟಿಪಿಯನ್ನು ಮಾಡಿ, ಮುರಿದು, ಮತ್ತೆ ಮಾಡುತ್ತೇವೆ. ರೊಟ್ಟಿ ತಿಂದು ಸುಮ್ಮನೆ ಕಟ್ಟೆಯ ಮೇಲೆ ಕೂತವನೂ.

ಗಣೇಶ ಚೌತಿಗೆ ಊರಿಗೆ ಹೋದೆ. ತೊಗರಿ ಮೊಣಕಾಲು ದಾಟಿತ್ತು. ಎರಡನೇ ಎಡೆ ಹೊಡೆದಿದ್ದರು. ಕಾಕಾನನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಕೀಳದೆ ಸಲಿಕೆಯಿಂದ ಬುಡ ಬಿಡಿಸಿ ಒಂದು ಗಿಡ ಎತ್ತಿದೆ. ಎಳೆದರೆ ಬೇರು ಹರಿದು ನೋಡಬೇಕಾದದ್ದು ಮಣ್ಣಲ್ಲೇ ಉಳಿಯುತ್ತದೆ. ಎರಿ ಮಣ್ಣು ಬಿಡುವವರೆಗೆ ಬಕೇಟಿನ ನೀರಿನಲ್ಲಿ ಅದ್ದಿ ಅದ್ದಿ ತೊಳೆದೆವು. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳು, ಕೆಲವು ಜೋಳದ ಕಾಳಿನಷ್ಟು.

"ಇದು ರೋಗ ಅಲ್ಲೇನು?" ಅಂದ ಕಾಕಾ. ನೆಟೆ ರೋಗಕ್ಕೆ ಹೊಲ ಹೊಲವೇ ಒಣಗಿದ್ದನ್ನು ಕಂಡವನು, ಬೇರಿನಲ್ಲಿ ಏನು ಕಂಡರೂ ಅವನಿಗೆ ರೋಗವೇ.

ಒಂದು ಗಂಟನ್ನು ಉಗುರಿನಿಂದ ಸೀಳಿ ತೋರಿಸಿದೆ. ಒಳಗೆ ಕೆಂಪು.

ಕಾಕಾ ಹತ್ತಿರ ಬಗ್ಗಿದ. "ರಗತ?"

ರಕ್ತದ ದಾಯಾದಿ ಎನ್ನಬಹುದು. ಲೆಗ್‌ಹಿಮೋಗ್ಲೋಬಿನ್ ಎಂದು ಅದರ ಹೆಸರು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ. ಬಿತ್ತುವಾಗ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ರೈಜೋಬಿಯಂ ಪುಡಿ ಹಚ್ಚಿದ್ದೆವಲ್ಲ, ಆ ಬ್ಯಾಕ್ಟೀರಿಯಾಗಳು ಬೇರಿನೊಳಗೆ ಹೊಕ್ಕು ಈ ಗಂಟಿನಲ್ಲಿ ಮನೆ ಮಾಡಿವೆ. ಅವುಗಳಲ್ಲಿರುವ ನೈಟ್ರೋಜಿನೇಸ್ ಎಂಬ ಯಂತ್ರ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ದಕ್ಕುವ ಅಮೋನಿಯಾ ಮಾಡುತ್ತದೆ. ಆದರೆ ಆಮ್ಲಜನಕ ತಾಗಿದರೆ ಆ ಯಂತ್ರ ಕೆಡುತ್ತದೆ. ಬ್ಯಾಕ್ಟೀರಿಯಾ ಉಸಿರಾಡಬೇಕು, ಯಂತ್ರಕ್ಕೆ ಮಾತ್ರ ಗಾಳಿ ತಾಗಬಾರದು. ಅದಕ್ಕೇ ಈ ಕೆಂಪು ದ್ರವ್ಯ ಆಮ್ಲಜನಕವನ್ನು ಹಿಡಿದುಕೊಂಡು ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಗಂಟು ಕೆಂಪಗಿದ್ದರೆ ಕೆಲಸ ನಡೆದಿದೆ. ಒಳಗೆ ಬೆಳ್ಳಗೆ, ಹಸಿರಾಗಿ ಇದ್ದರೆ ಇಲ್ಲ.

ಆ ಯಂತ್ರದ ಬಗ್ಗೆ ತರಗತಿಯಲ್ಲಿ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಗಾಳಿಯ ಶೇ. 78 ಭಾಗ ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ತಬ್ಬಿಕೊಂಡಿವೆ, ಬಿಡಿಸುವುದು ಹುಡುಗಾಟವಲ್ಲ. ಹೇಬರ್ ಮತ್ತು ಬಾಷ್ ಕಂಡುಹಿಡಿದ ವಿಧಾನದಲ್ಲಿ ಅದನ್ನು ಬಿಡಿಸಲು 400ರಿಂದ 500 ಡಿಗ್ರಿ ಶಾಖ, ಗಾಳಿಯ ನೂರೈವತ್ತು ಇನ್ನೂರು ಪಟ್ಟು ಒತ್ತಡ ಬೇಕು. 1913ರಲ್ಲಿ ಕಾರ್ಖಾನೆಯಲ್ಲಿ ಶುರುವಾದ ಆ ಉಕ್ಕಿನ ಹಂಡೆಗಳ ಅಮೋನಿಯಾದಿಂದಲೇ ಇಂದು ಯೂರಿಯಾ ಗೊಬ್ಬರ ತಯಾರಾಗುವುದು. ಕಾಕಾನ ಹೊಲದಲ್ಲಿ ಹಂಡೆಯಿಲ್ಲ, ಬೆಂಕಿಯಿಲ್ಲ. ಏಳು ಕಬ್ಬಿಣ, ಒಂಬತ್ತು ಗಂಧಕ, ಒಂದು ಮಾಲಿಬ್ಡಿನಮ್, ನಟ್ಟನಡುವೆ ಒಂದು ಇಂಗಾಲದ ಪರಮಾಣು ಸೇರಿದ ಪುಟ್ಟ ಕುಲುಮೆ ಇದೆ. ಅದರ ಜೊತೆಗಾರ ಪ್ರೋಟೀನೊಂದು ಬಂದು ಅಂಟಿ, ಒಂದು ಎಲೆಕ್ಟ್ರಾನು ಕೊಟ್ಟು, ಬಿಟ್ಟುಹೋಗುತ್ತದೆ. ಮತ್ತೆ ಬರುತ್ತದೆ. ಎಂಟು ಸಲ ಬಂದು ಹೋಗಿ, ಹದಿನಾರು ಎಟಿಪಿ ಖರ್ಚಾದ ಮೇಲೆ ಸಾರಜನಕದ ಒಂದು ಅಣು ಮುರಿದು ಎರಡು ಅಮೋನಿಯಾ ಆಗುತ್ತದೆ. ಭಾಳ ನಿಧಾನದ ಯಂತ್ರ, ಭಾಳ ಖರ್ಚಿನದು. ಆ ಖರ್ಚನ್ನು ಎಲೆ ಬಿಸಿಲಿನಲ್ಲಿ ದುಡಿದ ಸಕ್ಕರೆಯಿಂದ ಗಿಡ ತೀರಿಸುತ್ತದೆ. ಜೋಳಕ್ಕೆ, ಗೋಧಿಗೆ ಈ ವಿದ್ಯೆ ಹೇಗಾದರೂ ಕಲಿಸಬಹುದೇ ಎಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡಿವೆ. ನ್ಯಾನೋದಲ್ಲಿ ನಾನು ಕಾಯುತ್ತಿರುವುದು ಅದನ್ನೇ, ಬಾಟಲಿಯನ್ನಲ್ಲ.

"ಇದಕ್ಕ ರೊಕ್ಕ ಕೊಟ್ಟಿಲ್ಲ ನೋಡು ನಾ" ಎಂದು ಕಾಕಾ ಗಂಟನ್ನು ಬೆರಳಲ್ಲಿ ಹೊಸಕಿ ಮೂಸಿದ.

ಬಾಟಲಿಯಲ್ಲಿ ಎಷ್ಟಿದೆ ಎಂಬುದು ಅವನ ಮೊದಲ ಪ್ರಶ್ನೆ. ನನ್ನ ತಲೆಯಲ್ಲಿದ್ದದ್ದು ಎರಡನೆಯದು, ಎಷ್ಟು ಮುಟ್ಟುತ್ತದೆ? ಅದನ್ನು ನನಗೆ ಕಲಿಸಿದ್ದು ಆಸ್ಪತ್ರೆ.

ನಾಲ್ಕು ವರ್ಷದ ಹಿಂದೆ ನಮ್ಮ ವೈನಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿತು. ಹೈದರಾಬಾದಿಗೆ ತಿಂಗಳಿಗೊಮ್ಮೆ ಕರೆದೊಯ್ಯುತ್ತಿದ್ದೆವು. ಅಲ್ಲಿ ಕೊಟ್ಟದ್ದು ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ, ಆದರೆ ಕೊಬ್ಬಿನ ಪುಟ್ಟ ಗುಳ್ಳೆಗಳೊಳಗೆ ತುಂಬಿದ್ದು. ಗುಳ್ಳೆಯ ಅಳತೆ ನೂರು ನ್ಯಾನೋಮೀಟರಿನ ಒಳಗೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮದ್ದೇ ನ್ಯಾನೋ ಔಷಧಗಳಲ್ಲಿ ಹಿರಿಯಕ್ಕ. ಬರಿಯ ಡಾಕ್ಸೊರುಬಿಸಿನ್ ಹೃದಯಕ್ಕೆ ಪೆಟ್ಟು ಕೊಡುತ್ತದೆ. ಗುಳ್ಳೆಯೊಳಗಿದ್ದರೆ ಹೃದಯಕ್ಕೆ ಅಷ್ಟಾಗಿ ತಾಗುವುದಿಲ್ಲ. ಇದು ಉಪನ್ಯಾಸದ ಚಿತ್ರವಲ್ಲ, ನಮ್ಮ ಮನೆಯಲ್ಲೇ ಕಂಡದ್ದು. ವೈನಿಯ ಹೃದಯ ಉಳಿಯಿತು. ಆದರೆ ಮೂರನೇ ಸುತ್ತಿಗೆ ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ಸುಲಿಯತೊಡಗಿತು. ರೊಟ್ಟಿ ಬಡಿಯಲಾರದೆ ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಸೆಗೆ "ಇನ್ನಷ್ಟು ನಾದು, ಇನ್ನಷ್ಟು" ಎಂದು ಹೇಳುತ್ತಿದ್ದಳು. ಹೃದಯ ಬಿಟ್ಟ ಗುಳ್ಳೆಗಳಲ್ಲಿ ಕೆಲವು ಚರ್ಮಕ್ಕೆ ಹೋಗಿ ಸೋರಿದ್ದವು. ಸಣ್ಣ ಮಾಡಿದ್ದರಿಂದ ಮದ್ದಿನ ದಾರಿ ಬದಲಾಗಿತ್ತು. ಪೆಟ್ಟು ತಪ್ಪಲಿಲ್ಲ, ಬೇರೆ ಕಡೆ ಬಿತ್ತು.

2016ರಲ್ಲಿ ಕೆನಡಾದ ಒಂದು ತಂಡ ಹತ್ತು ವರ್ಷದ ಪ್ರಬಂಧಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ತೆಗೆಯಿತು. ಪ್ರಾಣಿಗಳ ಮೈಗೆ ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆಯನ್ನು ಮುಟ್ಟಿದ್ದು ಎಷ್ಟು? ಮಧ್ಯದ ಅಂಕಿ ಶೇ. 0.7. ಸಾವಿರ ಕಳಿಸಿದರೆ ಏಳು. ಉಳಿದದ್ದರಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಆ ಅಂಕಿ ಓದಿದ ದಿನ ನನ್ನ ಹಳೆಯ ಸ್ಲೈಡುಗಳಿಂದ ರಕ್ತನಾಳದಲ್ಲಿ ಈಜುವ ಯಂತ್ರದ ಚಿತ್ರ ತೆಗೆದುಹಾಕಿದೆ. ಕನಸೇ ಬೇಡವೆಂದಲ್ಲ. 2017ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ಮತ್ತು ಅವರ ಸಂಗಡಿಗರು ಫೆರಿಂಗಾ ಮಾದರಿಯ ಮೋಟಾರುಗಳನ್ನು ಬೆಳಕಿನಿಂದ ತಿರುಗಿಸಿ ಕ್ಯಾನ್ಸರ್ ಕೋಶದ ಪೊರೆಯನ್ನೇ ಕೊರೆಸಿದರು. ಅದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ. ತಟ್ಟೆಯಿಂದ ವೈನಿಯವರೆಗೆ ದಾರಿ ದೂರ.

ಅಪಾಯ ಎಂದೊಡನೆ ಜನ ಕೇಳುವುದು ತನ್ನನ್ನು ತಾನೇ ಹಡೆಯುತ್ತ ಭೂಮಿಯನ್ನೆಲ್ಲ ತಿಂದು ಬೂದು ಗಂಜಿ ಮಾಡುವ ಯಂತ್ರಗಳ ಬಗ್ಗೆ. ಅಮೆರಿಕದ ಎಂಜಿನಿಯರ್ ಎರಿಕ್ ಡ್ರೆಕ್ಸ್ಲರ್ 1986ರಲ್ಲಿ ಆ ಭಯ ಬಿತ್ತಿದ. ಹಾಗೆ ಪರಮಾಣು ಪರಮಾಣು ಹಿಡಿದು ಕಟ್ಟಲು ನಿನ್ನ ಬೆರಳುಗಳೇ ದಪ್ಪ, ಮೇಲಾಗಿ ಅಂಟು ಎಂದು ನೊಬೆಲ್ ಪಡೆದ ರಿಚರ್ಡ್ ಸ್ಮಾಲಿ ತಿರುಗಿಬಿದ್ದ. 2003ರವರೆಗೆ ಇಬ್ಬರ ಜಟಾಪಟಿ ನಡೆಯಿತು. ಆಮೇಲೆ ಡ್ರೆಕ್ಸ್ಲರನೂ ತಣ್ಣಗಾದ. ನನಗಂತೂ ಆ ಭಯದಿಂದ ಒಂದು ರಾತ್ರಿಯೂ ನಿದ್ದೆ ಕೆಟ್ಟಿಲ್ಲ.

ನಿದ್ದೆ ಕೆಡಿಸುವುದು ಧೂಳು. ನಾವು ಸಿಮೆಂಟಿನ ಸೀಮೆಯವರು. ವಾಡಿ, ಶಹಾಬಾದ್, ಸೇಡಂ, ಮಳಖೇಡ. ರಾಷ್ಟ್ರಕೂಟರ ರಾಜಧಾನಿಯ ಬಗಲಲ್ಲೇ ಚಿಮಣಿಗಳು ನಿಂತಿವೆ. ಕೆಮ್ಮು ಎಲ್ಲಿಂದ ಬರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪತ್ರಿಕೆಯಲ್ಲಿ ಬರುವ ಪಿಎಂ 2.5 ಎಂಬ ಧೂಳು 2,500 ನ್ಯಾನೋಮೀಟರಿನದು, ಇಲ್ಲವೇ ಅದಕ್ಕಿಂತ ಸಣ್ಣದು. ಪುಪ್ಪುಸದ ಆಳಕ್ಕೆ ಇಳಿಯಲು ಅಷ್ಟು ಸಣ್ಣದಾದರೆ ಸಾಕು. ಈಗ ನಾವು ಬೇಕೆಂದೇ ಅದರ ಇಪ್ಪತ್ತೈದನೆಯ, ಐವತ್ತನೆಯ ಪಾಲಿನ ಕಣಗಳನ್ನು ತಯಾರಿಸುತ್ತಿದ್ದೇವೆ. 2008ರಲ್ಲಿ ಎಡಿನ್‌ಬರೋದ ತಂಡವೊಂದು ಇಂಗಾಲದ ನ್ಯಾನೋಕೊಳವೆಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ಸೇರಿಸಿ ನೋಡಿತು. ಉದ್ದವಾಗಿ, ನೆಟ್ಟಗಿದ್ದವು ಕಲ್ನಾರಿನಂತೆಯೇ ಗಾಯ ಮಾಡಿದವು. ಗಿಡ್ಡವಾಗಿ ಸುರುಳಿಯಾಗಿದ್ದವು ಮಾಡಲಿಲ್ಲ. ಒಂದೇ ಇಂಗಾಲ, ಆಕಾರ ಬೇರೆ. 2014ರಲ್ಲಿ ಅವುಗಳಲ್ಲಿ ಒಂದು ಬಗೆಯನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದರು. ಕಲ್ನಾರಿನ ಶೀಟು ಹೊದಿಸುವಾಗ ನಮ್ಮ ಹಿರಿಯರಿಗೂ ಅದು ಅಗ್ಗದ, ಗಟ್ಟಿ ಚಾವಣಿ ಮಾತ್ರ. ಕಾಕಾನ ದನದ ಕೊಟ್ಟಿಗೆಯ ಮೇಲೆ ಅದು ಇವತ್ತಿಗೂ ಇದೆ.

ಇನ್ನೊಂದು ಪ್ರಯೋಗ ನನಗೆ ಹೊಲದಲ್ಲೇ ನೆನಪಾಯಿತು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೋಯಾ ಗಿಡಗಳನ್ನು ಕುಂಡದಲ್ಲಿ ಬೆಳೆಸಿ, ಮಣ್ಣಿಗೆ ಸೀರಿಯಂ ಆಕ್ಸೈಡಿನ ನ್ಯಾನೋಕಣ ಬೆರೆಸಿದರು. ಹೊಗೆ ಕಡಿಮೆಯಾಗಲೆಂದು ಕೆಲವು ಕಡೆ ಡೀಸೆಲ್ಲಿಗೆ ಹಾಕುವ ಪದಾರ್ಥ ಅದು. ಪ್ರಮಾಣ ಹೆಚ್ಚಿಸಿದಾಗ ಬೇರಿನ ಗಂಟುಗಳು ಸಾರಜನಕ ಹಿಡಿಯುವುದನ್ನೇ ನಿಲ್ಲಿಸಿದವು. ಸೋಯಾ ನಮ್ಮ ತೊಗರಿಯ ಬಳಗದ್ದೇ. ಕುಂಡದ ಮಾತನ್ನು ಹೊಲಕ್ಕೆ ನೇರ ತರುವಂತಿಲ್ಲ, ಅಷ್ಟು ಪ್ರಮಾಣದಲ್ಲಿ ನಮ್ಮ ಮಣ್ಣಿಗೆ ಯಾರೂ ಸೀರಿಯಂ ಸುರಿದಿಲ್ಲ. ಆದರೂ ಟ್ರ್ಯಾಕ್ಟರಿನ ಹೊಗೆ ಬಂದಾಗಲೆಲ್ಲ ಆ ಕೆಂಪು ಗಂಟು ಕಣ್ಣ ಮುಂದೆ ಬರುತ್ತದೆ. ಕೃಷಿಗೆ ಬರುವ ನ್ಯಾನೋ ಸರಕನ್ನು ಪರೀಕ್ಷಿಸಲು 2020ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿದೆ. ಬಾಟಲಿಯ ಜೊತೆ ಅಂಗಡಿಯವ ಅದನ್ನೂ ಲಿಂಕ್ ಮಾಡಿ ಕೊಟ್ಟಿದ್ದರೆ ಚೆನ್ನಾಗಿತ್ತು.

ಬಾಟಲಿಯ ಕತೆ ಬಾಕಿ ಇದೆ. ರೊಕ್ಕ ಕೊಟ್ಟದ್ದನ್ನು ಚೆಲ್ಲುವ ಜಾಯಮಾನ ಕಾಕಾನದಲ್ಲ. ನಾನೂ ಹುರುಪಿನಿಂದ ಹೇಳಿದೆ: ಹತ್ತಿಯಲ್ಲಿ ಎಂಟು ಸಾಲಿಗೆ ಹೊಡಿ, ಎಂಟು ಸಾಲು ಬಿಡು, ಹೊಡೆದ ಸಾಲಿಗೆ ಯೂರಿಯಾ ಅರ್ಧ ಹಾಕು, ಬಿಡಿಸಿದ ಹತ್ತಿಯನ್ನು ಬೇರೆ ಬೇರೆ ತೂಗು. ಪಂಪಿಗೆ ಎಷ್ಟು ಮಿ.ಲೀ. ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದೂ ಹೇಳಿದೆ, ಕಟ್ಟಿಕೊಳ್ಳಲಿಲ್ಲವಂತೆ.

ಸಂಕ್ರಮಣಕ್ಕೆ ಹೋದಾಗ ಚೀಟಿ ತಂದು ತೋರಿಸಿದ. ಎರಡು ಸಲ ಬಿಡಿಸಿದ ಹತ್ತಿಯ ತೂಕ ಪೆನ್ಸಿಲಿನಲ್ಲಿ ಬರೆದಿತ್ತು. ಹೊಡೆದ ಸಾಲುಗಳಲ್ಲಿ ಒಂದೂವರೆ ಕೆ.ಜಿ. ಹೆಚ್ಚು.

"ಯೂರಿಯಾ ಅರ್ಧ ಹಾಕಿದ್ದೇನು ಕಾಕಾ?"

"ಎಲ್ಲಾ ಸಾಲಿಗೂ ಪೂರಾ ಹಾಕೀನಿ. ಬೆಳಿ ಕಣ್ಣೆದುರು ಸೊರಗ್ಲತ್ತಿತ್ತು, ನಿನ್ನ ಪರೀಕ್ಷಾಕ್ಕ ಅರ್ಧ ಹೊಟ್ಟಿ ಇಡ್ಲೇನು?"

"ಹೊಡೆದದ್ದು ಯಾವ ಕಡೆ ಸಾಲು?"

"ಒಡ್ಡಿನ ಕಡೆ."

ಒಡ್ಡಿನ ಕಡೆ ಮಳೆ ನೀರು ಎರಡು ದಿನ ಹೆಚ್ಚಿಗೆ ನಿಲ್ಲುತ್ತದೆ, ಪ್ರತಿವರ್ಷ ಅಲ್ಲಿನ ಗಿಡವೇ ಎತ್ತರ. ಚೀಟಿ ಮಡಚಿ ಜೇಬಿಗಿಟ್ಟುಕೊಂಡೆ. ಅಟ್ಟದ ಮೇಲೆ ಬಾಟಲಿ ಕಾಲುಭಾಗ ಉಳಿದಿತ್ತು. ಪಕ್ಕದಲ್ಲಿ ಹೋದ ವರ್ಷದ್ದು ಇನ್ನೊಂದು, ಮುಚ್ಚಳವನ್ನೂ ತೆಗೆದಿರಲಿಲ್ಲ.